ಓಟದಣ್ಣನ ಕೆನ್ನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓಟದಣ್ಣನ ಕೆನ್ನೆ ಗುಳಿಬಿದ್ದದ್ದನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿದವನು ನಾನು. ನೋಡಿ, ಕಲಿತು, ಮಾಡಿ ತೋರಿಸಿ, ಇಡೀ ಕ್ಯಾಂಟೀನನ್ನು ನಗಿಸಿದವನೂ ನಾನೇ. ನನ್ನ ಪೆದ್ದುತನಗಳ ಪಟ್ಟಿ ದೊಡ್ಡದಿದೆ. ಸೂಪರ್‌ವೈಸರ್ ದನಿಯಲ್ಲಿ ಅವರ ಹೆಂಡತಿಗೇ ಫೋನು ಮಾಡಿ ಸಿಕ್ಕಿಬಿದ್ದದ್ದೂ ಅದರಲ್ಲಿದೆ. ಆದರೆ ಅವೆಲ್ಲ ಹೇಳಿಕೊಂಡು ನಗುವಂಥವು. ಇದು ಅಲ್ಲ.

ನೆನಪಾದದ್ದು ಒಂದು ಬನ್ನಿನಿಂದ. ಮೊನ್ನೆ ಭಾನುವಾರ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಚಿಕ್ಕಮ್ಮನನ್ನು ಬೆಂಗಳೂರಿನ ಗಾಡಿ ಹತ್ತಿಸಿ ಸುಮ್ಮನೆ ನಿಂತಿದ್ದೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಬನ್ನು ಮುರಿದು ಬಿಸಿ ಟೀಯಲ್ಲಿ ಅದ್ದಿದರು. ಆ ಸಿಹಿಯಾದ, ಒದ್ದೆ ಒದ್ದೆ ವಾಸನೆ... ಅವರು ಅದನ್ನು ಸಲೀಸಾಗಿ ನುಂಗಿ ಪೇಪರ್ ತಿರುವಿದರು. ನಾನು ಮಾತ್ರ ಅವರ ಗಂಟಲನ್ನೇ ನೋಡುತ್ತ ನಿಂತುಬಿಟ್ಟಿದ್ದೆ.

"ಏನಪ್ಪಾ, ಬೇಕಾ?" ಎಂದು ಉಳಿದರ್ಧ ಬನ್ನನ್ನು ಚಾಚಿದರು.

ಓಟದಣ್ಣ ನಮ್ಮ ಕಾರ್ಖಾನೆಯ ಹಿರಿಯ ಫಿಟ್ಟರ್. ಮನೆ ಕೆಜಿಎಫ್‌ನ ನಂದಿದುರ್ಗದಲ್ಲಿ. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಹೋಗಿಬರುವ ಸ್ಟೋರ್ಸ್ ಗುಮಾಸ್ತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ನೋಡಿದ ಅಣ್ಣನದು ತುಂಬಿದ ಮುಖ, ಮೀಸೆಯ ಆಚೆಗೊಂದು ಈಚೆಗೊಂದು ಲಡ್ಡು ಇಟ್ಟ ಹಾಗೆ. ಆಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಹೊಸಿಲ ಮೇಲೆ ಕೂತಿದೆ ಅಂದರಂತೆ. ಅಣ್ಣ ಮಾರನೆಯ ದಿನವೇ ಓಡಲು ಶುರು ಮಾಡಿದರು. ನಂದಿದುರ್ಗದಿಂದ ಗಣಿಯ ಮಣ್ಣಿನ ದಿಬ್ಬಗಳ ಪಕ್ಕದಲ್ಲೇ ಕೋರಮಂಡಲ್‌ವರೆಗೆ, ಅಲ್ಲಿಂದ ವಾಪಸ್ಸು. ಮೊದಲು ವಾರಕ್ಕೆ ಮೂರು ದಿನ. ಆಮೇಲೆ ದಿನಾ. ಆಮೇಲೆ ಬೆಳಿಗ್ಗೆಯೂ, ಸಂಜೆಯೂ. ಬೆಂಗಳೂರಿನ ದೊಡ್ಡ ಓಟದಲ್ಲಿ ಪೂರ್ತಿ ದೂರ ಓಡಬೇಕು ಅನ್ನೋದು ತಲೆಗೆ ಹತ್ತಿತ್ತು.

ನಾನು ಬದುಕಿನಲ್ಲಿ ಓಡಿದ್ದು ಕೆಜಿಎಫ್ ಕಡೆ ಹೋಗುವ ಮಾರಿಕುಪ್ಪಂ ಗಾಡಿ ಹಿಡಿಯಲು ಮಾತ್ರ, ಅದೂ ಎಷ್ಟೋ ಸಲ ತಪ್ಪಿದೆ. ನನ್ನ ಮುಖ ಈಗಲೂ ಆಲೂಗಡ್ಡೆ ಬೋಂಡಾ.

ಎರಡು ವರ್ಷದಲ್ಲಿ ಅಣ್ಣನ ಲಡ್ಡು ಎರಡೂ ಮಾಯವಾದವು. ಕೆನ್ನೆ ಒಳಗೆ ಹೋಯಿತು, ಕಣ್ಣಿನ ಕೆಳಗೆ ಚರ್ಮ ಜೋಲುಬಿತ್ತು, ಬಿಸಿಲಿಗೆ ಹಣೆ ಚರ್ಮದ ಹಳೇ ಚೀಲದಂತಾಯಿತು. ನಲವತ್ತೆರಡರ ಮನುಷ್ಯನಿಗೆ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು, "ಬನ್ನಿ ತಾತಾ, ಕೂತ್ಕೊಳಿ" ಎಂದು ಎದ್ದು ಸೀಟು ಕೊಟ್ಟಳಂತೆ. ಅದನ್ನು ಅವರೇ ಬಂದು ಹೇಳಿದರು. ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದರು.

"ಕಾಲು ನೋಡ್ಲಾ ಕೋತಿ. ಇಪ್ಪತ್ತರ ಕಾಲು! ಮುಖ ನಮ್ಮಪ್ಪಂದು, ಕಾಲು ನನ್ ಮಗಂದು. ಮುಖ ಓದ್ರೆ ಓಗ್ಲಿ ಬಿಡು."

ಅದೇ ಸುಮಾರಿಗೆ ಕಾರ್ಖಾನೆಯ ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವಿತ್ತಲ್ಲ, ಅದು ಅಣ್ಣನನ್ನು ಗುರುತಿಸಲು ನಿರಾಕರಿಸಿತು. ಅದರ ಹೊಟ್ಟೆಯಲ್ಲಿದ್ದದ್ದು ಹಳೇ ಲಡ್ಡು ಮುಖ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು, "ಅಣ್ಣಾ, ಕೆನ್ನೆ ಊದಿಸಣ್ಣಾ!" ಎಂದು ಕೂಗಿದೆ. ಅವರು ನಾದಸ್ವರದವರ ಹಾಗೆ ಬಾಯಿ ಉಬ್ಬಿಸಿದರು. ಯಂತ್ರ ಟಿಣ್ ಎಂದಿತು. ಅವತ್ತಿನಿಂದ ದಿನಾ ಕೆನ್ನೆ ಊದಿಸಿಯೇ ಒಳಗೆ ಬರುತ್ತಿದ್ದರು, ನಾನು ಅದನ್ನೇ ಕ್ಯಾಂಟೀನಿನಲ್ಲಿ ಮಾಡಿ ತೋರಿಸುತ್ತಿದ್ದೆ. ಮೊದಲು ಕೆನ್ನೆಯನ್ನು ಹಲ್ಲಿನ ನಡುವೆ ಎಳೆದುಕೊಂಡು ಅಣ್ಣ, ಆಮೇಲೆ ಊದಿಸಿಕೊಂಡು ಯಂತ್ರದ ಮುಂದಿನ ಅಣ್ಣ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಮೂರನೆಯ ವರ್ಷ ಸಂಕ್ರಾಂತಿಗೆ ಮನೆಗೆ ಕರೆದಿದ್ದರು. ಅಕ್ಕ, ಅಂದರೆ ಅವರ ಹೆಂಡತಿ, ಎಳ್ಳು ಬೀರುತ್ತ ನನ್ನನ್ನು ಪಕ್ಕಕ್ಕೆ ಕರೆದರು. "ಇವ್ರ ಮುಖ ನೋಡಿದ್ಯಾ ತಮ್ಮಾ? ಯಾಕೋ ಬಯ ಆಯ್ತದೆ. ಒಂದ್ ಸಲ ಆಸ್ಪತ್ರೇಲಿ ತೋರ್ಸನಾ ಅಂದ್ರೆ ಕೇಳಲ್ಲ."

ನಾನು ಫೋನು ತೆಗೆದು ಹುಡುಕಿದೆ. ವಿಪರೀತ ಓಡುವವರ ಮೈಯ ಕೊಬ್ಬು ಕರಗುವಾಗ ಕೆನ್ನೆಯದೂ ಕರಗುತ್ತದೆ, ಬಿಸಿಲಿಗೆ ಚರ್ಮ ಬೇಗ ಮುದಿಯಾಗುತ್ತದೆ, ನೋಡುವವರಿಗೆ ವಯಸ್ಸಾದಂತೆ ಕಾಣುತ್ತದೆ ಎಂದು ಅದರಲ್ಲಿತ್ತು. ಸುಮ್ಮನೆ ಓದಿದ್ದರೆ ನಾನು ನಾನಾಗುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ದೊಡ್ಡ ಡಾಕ್ಟರ ದನಿಯಲ್ಲಿ, "ನೋಡಿ ತಾಯಿ, ಭಯಪಡುವಂಥದ್ದು ಏನೂ ಇಲ್ಲ" ಎಂದು ಓದಿದೆ. ಅಕ್ಕ ಸೆರಗು ಬಾಯಿಗಿಟ್ಟು ನಕ್ಕರು. ನಕ್ಕು, ನಂಬಿದರು.

ಅದರಲ್ಲಿ ಬರೆದದ್ದು ಸುಳ್ಳೇನಲ್ಲ. ಓಟ ಅಣ್ಣನ ಮುಖವನ್ನು ತಿಂದದ್ದು ನಿಜವೇ ಇರಬೇಕು. ಆದರೆ ಅದು ಎಷ್ಟು ತಿಂದು ಎಲ್ಲಿಗೆ ನಿಲ್ಲಿಸಿತು, ಅಲ್ಲಿಂದಾಚೆ ತಿಂದದ್ದು ಯಾವುದು...

ಯುಗಾದಿ ಹೊತ್ತಿಗೆ ಅಣ್ಣ ಕ್ಯಾಂಟೀನಿನಲ್ಲಿ ವಡೆ ಬಿಟ್ಟರು. ಬನ್ನು ತೆಗೆದುಕೊಂಡು ಟೀಯಲ್ಲಿ ನೆನೆಸಿ, ಗದ್ದ ಮೇಲೆತ್ತಿ, ನೀರು ಕುಡಿಯುವ ಕೋಳಿಯ ಹಾಗೆ ನುಂಗುತ್ತಿದ್ದರು. ನುಂಗಿದ ಮೇಲೆ ಎದೆಯ ನಡುವೆ ಎರಡು ಬೆರಳಿಟ್ಟು ಒಂದು ಗಳಿಗೆ ಸುಮ್ಮನಿರುತ್ತಿದ್ದರು. ಮಿಮಿಕ್ರಿ ಮಾಡುವವನಿಗೆ ಇದು ಹಬ್ಬ! ಕೆನ್ನೆ ಯಾರಾದರೂ ಮಾಡಿಯಾರು, ಆ ಎರಡು ಬೆರಳು ನನಗೆ ಮಾತ್ರ ಕಂಡದ್ದು. ವಾರದೊಳಗೆ ನನ್ನ ಆಟಕ್ಕೆ ಸೇರಿಸಿಕೊಂಡೆ. ತಿಂಗಳುಗಳು ಕಳೆದ ಹಾಗೆ ಬನ್ನಿನ ತುಂಡು ಚಿಕ್ಕದಾಯಿತು, ಟೀ ಗುಟುಕು ಜಾಸ್ತಿಯಾಯಿತು. ನಾನೂ ಆಟದಲ್ಲಿ ತುಂಡು ಚಿಕ್ಕದು ಮಾಡಿದೆ. ಅಷ್ಟು ಪ್ರಾಮಾಣಿಕ ಕಲಾವಿದ!

ಕ್ಯಾಂಟೀನು ನಡೆಸುತ್ತಿದ್ದ ಮಾಮ ಗಣಿ ಕಾರ್ಮಿಕರ ಲೈನುಗಳಲ್ಲಿ ಹುಟ್ಟಿ ಬೆಳೆದವರು, ತಮಿಳು ಮನೆಮಾತಿನವರು. ಒಂದು ದಿನ ಟೀ ಸೋಸುತ್ತ ನನ್ನ ಆಟ ನೋಡಿ ನಗಲಿಲ್ಲ. "ಇದು ಓಡೋರ್ ಮೊಗ ಇಲ್ಲ ತಂಬಿ. ನಮ್ಮಪ್ಪ ಗಣಿಯಿಂದ ಬಂದು ಮಲಗಿದ್ರಲ್ಲ, ಕಡೇಲಿ ಇದೇ ಮೊಗ" ಎಂದರು. ನಾನು ತಕ್ಷಣ ಅವರ ದನಿಯಲ್ಲೇ ಅದನ್ನು ತಿರುಗಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಮ ಮತ್ತೆ ಆ ಮಾತೆತ್ತಲಿಲ್ಲ.

ಆಯುಧ ಪೂಜೆಗೆ ಕಾರ್ಖಾನೆಗೆ ಮನೆಯವರೆಲ್ಲ ಬರುತ್ತಾರೆ. ಯಂತ್ರಗಳಿಗೆ ಚೆಂಡುಹೂ, ಎಲ್ಲರ ಕೈಯಲ್ಲೂ ಕಡಲೆಪುರಿ. ಮಧ್ಯಾಹ್ನ ನನ್ನನ್ನು ಎತ್ತರದ ಮೇಜಿನ ಮೇಲೆ ಹತ್ತಿಸಿದರು. ಮ್ಯಾನೇಜರ್ ಆಯಿತು, ಸೂಪರ್‌ವೈಸರ್ ಆಯಿತು, ಸ್ವಂತ ನನ್ನದೇ ನಡಿಗೆ ಆಯಿತು. "ಓಟದಣ್ಣ! ಓಟದಣ್ಣ!" ಎಂದು ಕೂಗಿದರು. ಮಾಡಿದೆ. ಕೆನ್ನೆ ಎಳೆದೆ, ಊದಿಸಿದೆ, ಬನ್ನು ಅದ್ದಿದೆ, ಕೋಳಿಯ ಹಾಗೆ ನುಂಗಿ ಎದೆಗೆ ಎರಡು ಬೆರಳಿಟ್ಟೆ. ಶೆಡ್ಡು ಕಿತ್ತುಹೋಗುವಂಥ ನಗು. ಅಣ್ಣನೂ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ ಒಬ್ಬರೇ ನಗುತ್ತಿರಲಿಲ್ಲ.

ನಾನು ಮೇಜಿನಿಂದ ಇಳಿದಾಗ ಅಕ್ಕ ನೇರ ನನ್ನ ಹತ್ತಿರ ಬಂದರು. "ಆ ನುಂಗೋದು ನಿನ್ ಸ್ವಂತದ್ದಾ, ಅವ್ರದ್ದಾ?"

"ಅಣ್ಣಂದೇ ಅಕ್ಕ. ದಿನಾ ಕ್ಯಾಂಟೀನಲ್ಲಿ..."

"ಯಾವಾಗಿಂದ?"

"ಯುಗಾದಿಯಿಂದ."

ಅವರು ಬೆರಳು ಮಡಿಸಿ ಎಣಿಸಿದರು. ಆರಕ್ಕೆ ನಿಂತರು. "ಮನೇಲಿ ಮುದ್ದೆ ಬಿಟ್ರು, ಓಡೋರಿಗೆ ಅಂಬಲೀನೇ ಒಳ್ಳೇದು ಅಂದ್ರು. ನಾನೂ ಅದ್ನೇ ಕಾಯ್ಸಿ ಕೊಟ್ಟೆ..." ಎಂದವರು ಅಲ್ಲಿಗೇ ಮಾತು ನಿಲ್ಲಿಸಿ ಅಣ್ಣನ ಕೈ ಹಿಡಿದುಕೊಂಡು ಹೊರಟುಹೋದರು. ಕಡಲೆಪುರಿ ಪೊಟ್ಟಣ ಕುರ್ಚಿಯ ಮೇಲೇ ಉಳಿಯಿತು.

ಅನ್ನನಾಳದಲ್ಲಿ ಗೆಡ್ಡೆ. ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯವರು, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರಂತೆ. ಇತ್ತೇನೋ, ಇಲ್ಲವೇನೋ... ಆ 'ಏನೋ' ಅನ್ನುವುದೊಂದೇ ನನಗೆ ಉಳಿದಿರುವುದು.

ನೋಡಲು ಹೋದಾಗ ಅಣ್ಣ ಮಂಚದ ಮೇಲಿದ್ದರು. ಇಪ್ಪತ್ತರ ಕಾಲೂ ಹೋಗಿತ್ತು, ಹೊದಿಕೆಯ ಕೆಳಗೆ ಎರಡು ಕೋಲು. ದನಿ ಗಾಳಿಯಂತೆ ಬರುತ್ತಿತ್ತು.

"ಲೇ ಕೋತಿ. ಈಗಿನ್ ಮುಖ ಮಾಡ್ಲಾ, ನೋಡಾಣ."

"ಇದು ನಂಗೆ ಬರಲ್ಲಣ್ಣ."

"ಕಲ್ತ್ಕೋ. ಇನ್ನೊಂದ್ ಸ್ವಲ್ಪ ದಿನ ಐತೆ."

ನಾನು ಯತ್ನಿಸಿದೆ, ಸುಳ್ಳಲ್ಲ. ಕೆನ್ನೆ ಎಳೆದುಕೊಂಡೆ, ಹಲ್ಲಿನ ನಡುವೆ ನಿಲ್ಲದೆ ಜಾರಿಹೋಯಿತು. ಅವರು ಕಣ್ಣು ಮುಚ್ಚಿಕೊಂಡು, "ಉಹೂಂ, ಸರಿ ಇಲ್ಲ" ಎಂದರು. ಶಿವರಾತ್ರಿಗೆ ಮುಂಚೆಯೇ ಹೋದರು. ಗೇಟಿನ ಯಂತ್ರದಿಂದ ಅವರ ಮುಖವನ್ನು ಅಳಿಸಿದ್ದು ಇನ್ನೂ ಆಮೇಲೆ.

ಇದೆಲ್ಲ ಆಗಿ ಎರಡು ವರ್ಷವಾಗಿದೆ. ಅಕ್ಕನ ಮನೆ ಕಡೆ ನಾನು ಕಾಲಿಟ್ಟಿರಲಿಲ್ಲ. ಮೊನ್ನೆ ಆ ಬನ್ನಿನ ವಾಸನೆ ಮೂಗಿನಲ್ಲಿಟ್ಟುಕೊಂಡೇ ಎದುರಿಗೆ ಬಂದ ಮಾರಿಕುಪ್ಪಂ ಗಾಡಿ ಹತ್ತಿದೆ, ಇಳಿದು ನಂದಿದುರ್ಗಕ್ಕೆ ನಡೆದೆ. ಅಕ್ಕ ಜಗಲಿಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ಬಾಗಿಲ ಪಕ್ಕದ ಮೊಳೆಯಲ್ಲಿ ಅಣ್ಣನ ಓಟದ ಬೂಟು, ದಿಬ್ಬದ ಬೂದುಮಣ್ಣು ಮೆತ್ತಿಕೊಂಡೇ ನೇತಾಡುತ್ತಿತ್ತು. ಗೋಡೆಯ ಫೋಟೋದಲ್ಲಿ ಹಳೇ ಲಡ್ಡು ಮುಖ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಯಾರ ದನಿಯೂ ಅಲ್ಲ, ನನ್ನದೇ. "ತಪ್ಪಾಯ್ತಕ್ಕ. ಅಣ್ಣನ್ನ ಆಡಿಕೊಂಡು ಊರನ್ನೆಲ್ಲ ನಗಿಸಬಾರದಿತ್ತು. ಇನ್ನು ಈ ಮಿಮಿಕ್ರಿ ಬಿಟ್ಟುಬಿಡ್ತೀನಿ."

ಮೊರ ನಿಂತಿತು. ಅಕ್ಕ ಹೊಟ್ಟನ್ನು ಊದಿ, ಮೊರ ಕೆಳಗಿಟ್ಟು, ಮೊದಲ ಸಲ ನನ್ನ ಮುಖವನ್ನು ಪೂರ್ತಿ ನೋಡಿದರು.

"ನಗ್ಸಿದ್ದಕ್ಕೆ ಯಾರ್ ಬೈದ್ರು ನಿಂಗೆ? ಅವ್ರೂ ನಗ್ತಿದ್ರು. ಅಷ್ಟ್ ಚೆನ್ನಾಗ್ ನೋಡಿದ್ಯಲ್ಲಪ್ಪಾ, ಯುಗಾದೀಲೇ ನನ್ ಕಿವಿಗ್ ಒಂದ್ ಮಾತು ಆಕಕ್ಕಾಗ್ಲಿಲ್ವಾ?"