ನಮಾಜಿನ ಸಾಲು ಬಿಟ್ಟ ಜಾವೇದ್

ಜಾವೇದ್ ನನ್ನ ತಂಗಿ ಖೈರುನಬಿಯ ಮಗ. ಸಿರಿಗೇರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಬೆರಳು ಹಿಡಿದು ಮಸೀದಿಗೆ ಓಡುತ್ತಿದ್ದವನು ಕಳೆದ ರಂಜಾನಿನಿಂದ ಅತ್ತ ಕಾಲಿಡುವುದನ್ನೇ ಬಿಟ್ಟ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದ. ಕ್ರಿಕೆಟ್ ಬಿಟ್ಟ. ಮನೆಗೆ ಬಂದರೆ ಬೋರಲು ಮಲಗುತ್ತಿದ್ದ.

ಅವನಪ್ಪ ಇಮಾಮಸಾಬ್ ಮನೆ ಕಟ್ಟುವ ಗೌಂಡಿ. ಮಾತು ಕಡಿಮೆ. ಮಗ ಕೆಟ್ಟ ಸಂಗಕ್ಕೆ ಬಿದ್ದು ದೀನು ಧರ್ಮ ಮರೆತನೆಂದೇ ತಿಳಿದ.

"ಈ ಸಲ ಹಬ್ಬದ ನಮಾಜಿಗೆ ನನ್ನ ಬಾಜೂಕ ನಿಲ್ಲಲಿಲ್ಲಂದ್ರ ನನ್ನ ಅಬ್ಬಾ ಅನಬ್ಯಾಡ," ಎಂದುಬಿಟ್ಟ.

ಬಟ್ಟೆ ಒಗೆಯುವಾಗ ಖೈರುನಬಿಗೆ ಮಗನ ಪ್ಯಾಂಟಿನಲ್ಲಿ ಕೀವು, ರಕ್ತದ ಕಲೆ ಕಂಡವು. ಕುಂಡಿಯ ಸೀಳಿನ ಮೇಲ್ತುದಿಯಲ್ಲಿ ಕುರು ಎಂದ ಹುಡುಗ. ಸುಣ್ಣ ಬೆಲ್ಲ ಕಲಸಿ ಹಚ್ಚಿಕೊಳ್ಳಲು ಕೊಟ್ಟಳು. ಒಡೆಯಿತು, ಮುಚ್ಚಿತು, ಮತ್ತೆ ತುಂಬಿತು. ಕೊನೆಗೆ ಬಳ್ಳಾರಿ ಗಾಂಧಿನಗರದಲ್ಲಿರುವ ನನಗೆ ಫೋನ್ ಮಾಡಿದಳು.

ಬೈಕ್ ಹತ್ತಿ ಹೋದೆ.

"ಏನಲೇ ಮಹಾರಾಜ, ನಿಂತ್ಕೊಂಡೇ ಉಣ್ತೀಯಂತ? ಕುರ್ಚಿ ಕಡೀತೈತೇನು?"

"ಕಡೀತೈತಿ ಮಾಮ," ಎಂದವನೇ ಗೋಡೆಗೆ ಮುಖ ಹಾಕಿ ಅತ್ತ.

ಮರುದಿನ ಅಪ್ಪ ಮಗ ಇಬ್ಬರನ್ನೂ ಬೈದು ಬಳ್ಳಾರಿಗೆ ಕರೆತಂದೆ. ಡಾಕ್ಟರ್ ಶಾಂಭವಿ ನೋಡಿದರು.

"ಇದು ಮೂಲವ್ಯಾಧಿ ಅಲ್ಲರಿ. ಕೂದಲು ಚರ್ಮದೊಳಗ ಹೊಕ್ಕು ತೂತು ಮಾಡೇತಿ. ಈ ವಯಸ್ಸಿನ ಹುಡುಗರಿಗೆ ಬರತೈತಿ, ನಾಚಿಕಿ ಬ್ಯಾಡ."

"ದೊಡ್ಡದಾಗಿ ಕೊಯ್ಬೇಕೇನ್ರಿ?" ಎಂದೆ.

"ಇಲ್ರಿ. ಆ ಜಾಗ ಮರಗಟ್ಟಿಸಿ ಸಣ್ಣ ತೂತಷ್ಟೇ ತೆಗೆದು, ಒಳಗಿನ ಕೂದಲು, ಕೀವು ತೊಳೀತೀವಿ. ಸಂಜೀಗೆ ಮನಿಗೆ ಹೋಗಬಹುದು. ಆದ್ರ ಆಮ್ಯಾಲ ಅಲ್ಲಿ ಕೂದಲು ಬೆಳಿಯಾಕ ಬಿಡಬ್ಯಾಡ್ರಿ, ಮತ್ತ ಬರಬಹುದು."

ಇಮಾಮಸಾಬ್ ಮಗನತ್ತ ತಿರುಗಿದ. "ಇಷ್ಟು ದಿನ ಯಾಕ ಹೇಳಲಿಲ್ಲೋ?"

ಜಾವೇದ್ ನೆಲ ನೋಡಿದ. "ಹೆಂಗ ಹೇಳ್ಲಿ ಅಬ್ಬಾ? ಕೈಕಾಲು ತೊಳ್ದು ವುಜೂ ಮಾಡಿ ನಿಂತ್ರ ಕೀವು ಇಳೀತಿತ್ತು, ವುಜೂ ಮುರೀತಿತ್ತು. ಕೀವು ಹತ್ತಿದ ನಾಪಾಕ್ ಬಟ್ಟಿ ಉಟ್ಟು ನಿಮ್ಮ ಬಾಜೂಕ ಹೆಂಗ ನಿಲ್ಲಲಿ? ನಿಮ್ಮ ನಮಾಜೂ ಕೆಡತೈತಿ ಅನ್ಕೊಂಡೆ."

ನನಗೆ ಸಿಟ್ಟು ನೆತ್ತಿಗೇರಿತು. ಸೋರುವ ಗಾಯದವನಿಗೆ ನಮಾಜಿನಲ್ಲಿ ರಿಯಾಯಿತಿ ಉಂಟು. ಮಸೀದಿಯ ಹಜರತರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಗಾಯದ ಜಾಗ ಅಂಥದು. ಹದಿನೇಳರ ಹುಡುಗ ಯಾರ ಮುಂದೆ ಬಾಯಿ ಬಿಡುತ್ತಾನೆ? ಇಮಾಮಸಾಬ್ ಎದ್ದು ಹೊರಗೆ ಹೋದ. ಮಗನನ್ನು ಒಳಗೆ ಕರೆಯುವವರೆಗೂ ಕಂಬಕ್ಕೆ ಆತು ನಿಂತಿದ್ದ.

ಗಾಯ ತೊಳೆಸಿಕೊಂಡು ಸಂಜೆಗೇ ಊರು ಸೇರಿದರು. ಗಾಯ ಮಾಗಿದ ಮೇಲೆ ಅಲ್ಲಿನ ಕೂದಲು ತೆಗೆಯಲು ಹುಡುಗ ಅವ್ವನನ್ನು ಹತ್ತಿರ ಬಿಡಲಿಲ್ಲ. ಇಮಾಮಸಾಬನೇ ಬಾಗಿಲು ಹಾಕಿ ಟ್ರಿಮ್ಮರ್ ಹಿಡಿದ. ಗೋಡೆಗೆ ಗಿಲಾವ್ ಬಳಿದು ಬಳಿದು ಸಿಮೆಂಟ್ ತಿಂದ ಕೈ ಅದು.

"ಅಬ್ಬಾ, ಗೋಡಿ ಗಿಲಾವ್ ಅಲ್ಲ, ಮೆತ್ತಗ," ಎಂದು ಹುಡುಗ ಕೂಗಿದ್ದು ಪಡಸಾಲೆಯಲ್ಲಿದ್ದ ಖೈರುನಬಿಗೂ, ಅವನನ್ನು ನೋಡಲು ಬಂದಿದ್ದ ನನಗೂ ಕೇಳಿಸಿತು. ಖೈರುನಬಿ ಸೆರಗು ಬಾಯಿಗಿಟ್ಟು ನಕ್ಕಳು, ಹಾಗೆಯೇ ಕಣ್ಣೂ ಒರೆಸಿಕೊಂಡಳು.

ಹಬ್ಬದ ದಿನ ಈದ್ಗಾದಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ಮುಂದೆ ಇಮಾಮಸಾಬ್, ಅವನ ಬಲಕ್ಕೆ ಬಿಳಿ ಪೈಜಾಮದಲ್ಲಿ ಜಾವೇದ್. ಹಣೆ ನೆಲಕ್ಕಿಟ್ಟು ಸಜ್ದಾ ಮುಗಿಸಿ ಎಲ್ಲರಂತೆ ಕಾಲು ಮಡಚಿ ಕುಳಿತ, ಅಲುಗಾಡಲಿಲ್ಲ. ಕೊನೆಗೆ ನಮಾಜು ಮುಗಿಸುವ ಸಲಾಮಿಗೆ ಎಲ್ಲರ ಮುಖ ಬಲಕ್ಕೆ ಹೊರಳಿತು, ಆಮೇಲೆ ಎಡಕ್ಕೆ. ಇಮಾಮಸಾಬನ ಮುಖ ಮಾತ್ರ ಬಲಕ್ಕೇ, ಮಗನ ಮೇಲೆ ನಿಂತುಬಿಟ್ಟಿತ್ತು.