ಒಂದು ತೊಟ್ಟು ನೀರು

ನನ್ನ ಮೊಮ್ಮಗಳು ನಮ್ಮೂರ ಹಾಲಿನ ಡೈರಿಗೆ ಕಾರ್ಯದರ್ಶಿ ಆದಳು. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಬಂದವರಿಗೆಲ್ಲ ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದೇನೆ, ಕೇಳಿದವರಿಗೂ ಕೇಳದವರಿಗೂ. ಮಧ್ಯಾಹ್ನ ಅವಳು ಡೈರಿಯ ಹಳೇ ಬೀರುವಿನಲ್ಲಿ ಸಿಕ್ಕಿತೆಂದು ಒಂದು ಗಾಜಿನ ಕಡ್ಡಿ ತಂದು ತೋರಿಸಿದಳು. ಮೆಷಿನ್ ಬರುವ ಮೊದಲು, ಹಾಲಿಗೆ ನೀರು ಸೇರಿದೆಯೇ ಎಂದು ಅದ್ದಿ ನೋಡುತ್ತಿದ್ದ ಕಡ್ಡಿ. ಕೈಗೆ ತೆಗೆದುಕೊಂಡದ್ದೇ ತಡ, ಡೈರಿಯಮ್ಮ ನೆನಪಾದರು...

ನಮ್ಮ ಡೈರಿಯ ಮೊದಲ ಕಾರ್ಯದರ್ಶಿ ಅವರೇ. ಆಗೆಲ್ಲ ಹಾಲು ಮನೆ ದಾಟುವ ಮುಂಚೆ ಅದಕ್ಕೆ ಒಂದು ತೊಟ್ಟು ನೀರು ಬಿಡಬೇಕಿತ್ತು, ಹಸುವಿಗೆ ದೃಷ್ಟಿ ತಾಗಬಾರದೆಂದು. ಅತ್ತೆ ಹೇಳಿಕೊಟ್ಟದ್ದು ತೊಟ್ಟು. ಬರಬರುತ್ತಾ ನನ್ನ ಕೈ ಅದನ್ನು ಅರ್ಧ ಚೊಂಬು ಮಾಡಿತ್ತು. ಊರಿನವರೆಲ್ಲರ ಕೈಯೂ ಹಾಗೇ. ಒಂದು ದಿನ ಹಾಸನದ ದೊಡ್ಡ ಡೈರಿಗೆ ಹೋದ ನಮ್ಮೂರ ಕ್ಯಾನುಗಳೆಲ್ಲ, ಹಾಲು ನೀರಾಗಿದೆಯೆಂದು ವಾಪಸ್ ಬಂದವು. ಇನ್ನೊಂದು ಸಲ ಹೀಗಾದರೆ ನಿಮ್ಮೂರ ಡೈರಿಯನ್ನೇ ಮುಚ್ಚುತ್ತೇವೆ ಎಂದು ಹೇಳಿ ಕಳಿಸಿದ್ದರು.

ಡೈರಿಯಮ್ಮ ಮೊದಲು ಗೋಡೆಗೆ ಬರೆಸಿದರು, ನೀರು ಬೆರೆಸಬಾರದು ಎಂದು. ನನಗೆ ಎರಡನೇ ಕ್ಲಾಸಿನ ಓದು. ಅಕ್ಷರ ಕೂಡಿಸಿ ಓದಿಕೊಂಡೇ, ನೀರು ಬಿಟ್ಟ ಹಾಲು ಹಿಡಿದು ಅದರ ಕೆಳಗೆ ನಿಲ್ಲುತ್ತಿದ್ದೆ. ಕಡ್ಡಿ ನೋಡಿ ಎಲ್ಲರನ್ನೂ ವಾಪಸ್ ಕಳಿಸಿದ್ದರೆ ಹಾಲು ಹಾಕುವವರೇ ಉಳಿಯುತ್ತಿರಲಿಲ್ಲ. ಒಂದು ಮುಂಜಾನೆ ಹಾಲು ಕರೆಯುವ ಹೊತ್ತಿಗೆ ಅವರು ನಮ್ಮ ಕೊಟ್ಟಿಗೆಗೇ ಬಂದುಬಿಟ್ಟರು. ನನಗೆ ಸಿಟ್ಟು.

"ಅಸೀಗೆ ದಿಷ್ಟಿ ಆದ್ರೆ ನೀವ್ ಬಂದ್ ನೀವಾಳಿಸ್ತೀರೇನವ್ವಾ?" ಎಂದೆ.

"ನೀರೇ ಬುಡಬ್ಯಾಡಿ ಅಂದ್ನಾ ಅಕ್ಕಾ? ದಿಷ್ಟಿ ಆಗೋದು ಅಸೀಗೆ ತಾನೆ, ಕ್ಯಾನಿಗಲ್ವಲ್ಲ. ಕರೆಯೋಕ್ ಮುಂಚೆ ಕೆಚ್ಚಲಿಗೆ ಬುಡಿ."

ಸೆರಗು ಸಿಕ್ಕಿಸಿ, ನನ್ನ ಚೊಂಬು ತೆಗೆದುಕೊಂಡು ತಾವೇ ಕೆಚ್ಚಲು ತೊಳೆದರು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, "ಡೈರಿಯಮ್ಮಂಗೆ ಸಗಣಿ ಬಾಚೋ ಕೆಲ್ಸಾನೂ ಕೊಟ್ರಾ?" ಎಂದು ನಕ್ಕಳು.

"ನಾಳೆ ನಿಮ್ಮನೇಗೇ ಬತ್ತೀನಿ ಕಣಕ್ಕ" ಎಂದರು. ಹೋದರು ಕೂಡ. ಹೀಗೇ ಮನೆ ಮನೆಗೂ... ಆಮೇಲೆ ನಮ್ಮೂರ ಹಾಲು ವಾಪಸ್ ಬಂದ ನೆನಪಿಲ್ಲ. ಅತ್ತೆಯ ಮಾತೂ ಉಳಿಯಿತು, ಡೈರಿಯೂ ಉಳಿಯಿತು.

ಹೋದ ವರ್ಷ ಡೈರಿಯಮ್ಮ ತೀರಿಕೊಂಡರು. ಇದ್ದಿದ್ದರೆ ಇವತ್ತು ಮೊದಲು ಅವರ ಬಾಗಿಲಿಗೇ ಓಡುತ್ತಿದ್ದೆ...

ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತೆವು. "ಪ್ಲಾಸ್ಟಿಕ್ ಬಿಂದಿಗೇಲಿ ಹಾಲ್ ತಂದ್ರೆ ತಗೊಳಲ್ಲ ಅಂತ ನಾಳೆ ಬೋರ್ಡ್ ಹಾಕ್ತೀನಿ" ಎಂದಳು ಮೊಮ್ಮಗಳು.

"ಬೋರ್ಡ್ ಆಮೇಲಾಕು ಕಣವ್ವ. ಮೊದ್ಲು ಅಂಗೆ ತರೋರ ಕೊಟ್ಗೆಗೆ ಓಗು" ಎಂದೆ.

ಸೊಸೆ ಗಸಗಸೆ ಪಾಯಸ ತಂದಳು. ಮೊದಲ ಲೋಟ ಯಾರಿಗೆ ಸಲ್ಲಬೇಕಿತ್ತೋ ಅವರಿಲ್ಲ. ಮೊಮ್ಮಗಳ ಎಲೆಯ ಪಕ್ಕ ಇಟ್ಟೆ. ಅವಳು ಕುಡಿದ ಮೇಲೆ ನಾವೆಲ್ಲ ಕುಡಿದೆವು.