ನಲವತ್ತೊಂದನೆಯ ಕಂಡಿಕೆ

ಇಳಕಲ್ಲಿನ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಸ ಗುಡಿಸಿ ಗಂಟೆ ಹೊಡೆಯುವ ಲಕ್ಕವ್ವ, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಲಬಿಯ ಬಾಗಿಲು ಬಡಿಯುತ್ತಾಳೆ. ಬಡಿತದಲ್ಲಿ ಸಿಟ್ಟಿದೆ.

"ಏ ಲಾಲಬಿ, ಹುಡುಗಿನ್ನ ಸಾಲಿಗೆ ಕಳಸ್ತಿಯೋ ಇಲ್ಲೋ? ಇವತ್ತೂ ಬರಲಿಲ್ಲಂದ್ರ ಹತ್ತು ದಿನಾ ಆಕ್ಕಾವು!"

"ಹಬ್ಬದ ಸೀರಿ ಕೆಲಸ ಭಾಳ ಐತಿ, ಅಕ್ಕಾ. ಕಂಡಿಕಿ ಸುತ್ತಾಕ ನನಗೊಬ್ಬಾಕಿಗೆ ಆಗವಲ್ದು. ನಾಳೆ ಕಳಸ್ತೇನಿ."

"ನಾಳೆ ಕಳಿಸಿದ್ರ ಆ ಜಾಗಾದಾಗ ನನ್ನ ಮಗಳು ಕುಂತಿರ್ತಾಳ. ತಿಳೀತಿಲ್ಲೋ?"

ಮಾತು ಖರೆ. ಹೇಳದೆ ಕೇಳದೆ ಹತ್ತು ದಿನ ತಪ್ಪಿಸಿದವಳ ಹೆಸರು ಹೊಡೆದುಹಾಕಿ, ಕಾಯುವವರಲ್ಲಿ ಮೊದಲನೆಯವಳನ್ನು ಸೇರಿಸಿಕೊಳ್ಳುವುದು ಈ ಶಾಲೆಯ ನಿಯಮ. ತಪ್ಪಿಸುತ್ತಿರುವವಳು ಲಾಲಬಿಯ ಮಗಳು ಮಲಿಕಾ. ಕಾಯುತ್ತಿರುವವಳು ಲಕ್ಕವ್ವನ ಮಗಳು ಮುತ್ತವ್ವ.

ಎಂಟನೆಯ ಇಯತ್ತೆಗೆ ಜಾಗ ನಲವತ್ತೇ. ಅರ್ಜಿ ಎಪ್ಪತ್ತು ದಾಟುತ್ತವೆ. ಮೊದಲೆಲ್ಲ ದೊಡ್ಡವರ ಶಿಫಾರಸು ತಂದವರ ಮಕ್ಕಳು ಒಳಗೆ, ಉಳಿದವರು ಮಗ್ಗದ ಮುಂದೆ. ಐದು ವರ್ಷದ ಹಿಂದೆ, ೧೯೭೯ರಲ್ಲಿ, ಹೆಡ್‌ಮಿಸ್ಟ್ರೆಸ್ ಇಂದ್ರಾಬಾಯಿ ಚೀಟಿ ಎತ್ತುವ ಪದ್ಧತಿ ತಂದರು. ಮೊದಲ ವರ್ಷವೇ ಯಾರೋ ಪುಣ್ಯಾತ್ಮರು ತಮ್ಮ ಚೀಟಿಯ ಮೂಲೆ ಮಡಿಚಿ ಗುರುತು ಮಾಡಿದ್ದರು! ಆಗ ಉಪಾಯ ಹೇಳಿದ್ದು ನೇಕಾರರ ಮನೆಯ ಲಕ್ಕವ್ವ. ಲಾಳಿಯೊಳಗೆ ಕೂರುವ, ನೂಲು ಸುತ್ತುವ ಪೊಳ್ಳು ಕಂಡಿಕೆಯಿದೆಯಲ್ಲ, ಚೀಟಿಯನ್ನು ಅದರೊಳಗೆ ತೂರಿಸಿ ಕೊಡಕ್ಕೆ ಹಾಕಿರಿ ಎಂದಳು. ಸಾಹುಕಾರನ ಮಗಳಿಗೂ ಒಂದೇ ಕಂಡಿಕೆ, ಕೂಲಿಯವಳ ಮಗಳಿಗೂ ಒಂದೇ. ಅಂದಿನಿಂದ ಎತ್ತುವ ಕೈಯೂ ಅವಳದೇ. ಊರಲ್ಲಿ ಶಾಲು ಹೊದಿಸಿಕೊಳ್ಳುವವರಿಗೆ ಬರವಿಲ್ಲ. ಇವಳಿಗೆ ಒಂದು ಕುರ್ಚಿ ಕೊಟ್ಟವರಿಲ್ಲ.

ಈ ಜೂನ್‌ನಲ್ಲಿ ಕೊಡದೊಳಗೆ ಮಗಳ ಹೆಸರೂ ಇತ್ತು. ಲಕ್ಕವ್ವ ಕೈ ಹಾಕಿದವಳೇ ಬರಿಗೈ ಹೊರಗೆ ತೆಗೆದಳು. ಕಂಡಿಕೆಗಳೆಲ್ಲ ಅವಳ ಮನೆಯವು. ಮಗಳ ಚೀಟಿ ಇದ್ದುದರ ಅಂಚು ಒಡೆದಿತ್ತು. ತೂರಿಸುವಾಗ ಲಕ್ಷ್ಯಕ್ಕೆ ಬಾರದ್ದು ಈಗ ಹೆಬ್ಬೆರಳಿಗೆ ತಗಲಿತು.

"ಬಾಯಾರ, ನನ್ನ ಕೈಗೆ ಗುರುತು ಸಿಕ್ಕೈತ್ರಿ. ನೀವ ಎತ್ತರಿ" ಎಂದಳು.

ಇಂದ್ರಾಬಾಯಿ ಎತ್ತಿದರು. ನಲವತ್ತನೆಯದು ಮಲಿಕಾ. ನಲವತ್ತೊಂದು ಮುತ್ತವ್ವ.

"ಹೊಟ್ಟಿಕಿಚ್ಚು ಆಗಲಿಲ್ಲೇನು ಅಂತೀರಿ? ಈಗೂ ಐತ್ರಿ" ಎನ್ನುತ್ತಾಳೆ ಲಕ್ಕವ್ವ, ಕೇಳಿದವರ ಮುಂದೆ. "ಆ ಮಲಿಕಾ ಚೀಲಾ ಹಾಕ್ಕೊಂಡು ನನ್ನ ಮುಂದ ಹಾದ್ರ ಹೊಟ್ಟ್ಯಾಗ ಕೆಂಡ ಸುರುವಿದಂಗ ಆಗತೈತಿ. ಜಡಿ ನೋಡಿದ್ರ ಸಿಟ್ಟು, ನಕ್ಕರ ಸಿಟ್ಟು. ಲಾಲಬಿ ಮನಿ ಚಾ ಬಿಟ್ಟು ಮೂರು ತಿಂಗಳಾತು."

ದಿನಕ್ಕೆ ಒಂಬತ್ತು ಕೋಣೆ ಗುಡಿಸಿ, ಇಪ್ಪತ್ತು ಕೊಡ ನೀರು ಹೊರುವ ಲಕ್ಕವ್ವ, ಯಾರೂ ಹೇಳದೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾಳೆ. ಮೂರು ದಿನ ತಪ್ಪಿಸಿದ ಹುಡುಗಿಯ ಮನೆಗೆ ಹೋಗಿ, ಜಗಳವಾಡಿ ಎಳೆತರುವುದು. ಈ ವರ್ಷ ಹದಿನೇಳು ಹುಡುಗಿಯರನ್ನು ತಂದಿದ್ದಾಳೆ. ಲಾಲಬಿಯ ಮನೆಗೆ ಮಾತ್ರ ಕಾಲು ಏಳಲಿಲ್ಲ. ಐದನೆಯ ದಿನ ಮಗಳ ಲಂಗ ಒಗೆದು, ಶಾಲೆಗೆ ಬೇಕಾದೀತೆಂದು ಮಡಿಚಿಟ್ಟಳು. ನಿನ್ನೆ ಮಗಳೇ ಕೇಳಿದಳು: "ಯವ್ವಾ, ಎಲ್ಲಾರ ಮನಿಗೂ ಹೋಗ್ತಿ, ಮಲಿಕಾನ ಮನಿಗೆ ಯಾಕ ಹೋಗಿಲ್ಲ?" ಇವತ್ತು ನಸುಕಿನಲ್ಲೇ ಲಕ್ಕವ್ವ ಈ ಬಾಗಿಲಿಗೆ ಬಂದಿದ್ದಾಳೆ.

ಮಲಿಕಾ ಚೀಲ ಹಿಡಿದು ಹೊಸ್ತಿಲು ದಾಟುತ್ತಾಳೆ. ಲಾಲಬಿ ಮೆಲ್ಲಗೆ ಕೇಳುತ್ತಾಳೆ: "ಸುಮ್ಮನಿದ್ರ ನಿನ್ನ ಮಗಳಿಗೆ ಸಿಗತಿತ್ತಲ್ಲ, ಅಕ್ಕಾ?"

"ಸಿಗತಿತ್ತು. ನಾ ಬಾಯಿ ಮುಚ್ಚಿ ಗಳಿಸಿದ ಜಾಗಾ ಆಕಿಗೆ ಬ್ಯಾಡ. ಕಂಡಿಕಿ ಕೊಟ್ಟರ ಕುಂದರ್ಲಿ."

ಲಕ್ಕವ್ವನಿಗಿರುವುದು ಒಂದೇ ಆಸೆ. "ಮುಂದಿನ ಜೂನಿಗೆ ಕಂಡಿಕಿ ಬ್ಯಾರೆ ಮನೀವು ತರಸ್ರಿ ಅಂತ ಬಾಯಾರಿಗೆ ಹೇಳೇನಿ. ಮತ್ತ ನಾನ ಎತ್ತಬೇಕು. ಈ ಕೈ ಸುಳ್ಳಲ್ರಿ."

ಒಳಗಿನಿಂದ ಲಾಲಬಿ ಚಹಾದ ಬಸಿ ಹಿಡಿದು ಬರುತ್ತಾಳೆ. ಲಕ್ಕವ್ವ ಆಗಲೇ ಓಣಿಯ ತಿರುವಿನಲ್ಲಿದ್ದಾಳೆ, ಮಲಿಕಾಳಿಗಿಂತ ನಾಲ್ಕು ಹೆಜ್ಜೆ ಮುಂದೆ.

"ಹುಡುಗಿನ್ನ ಒಯ್ದೇನಿ. ಚಾ ಮಾತ್ರ ಈಗ ಕುಡಿಯಾಂಗಿಲ್ಲ, ನೋಡು!"